ಸಾವಿನ ಮನೆಗೆ ಬರುವ ಪಿಎಫ್ ಏಜೆಂಟರ ಬಗ್ಗೆ ಎಚ್ಚರ: ಫಾರಂ ಒಂದೇ, ದುಡ್ಡು ಮೂರು

ದಯವಿಟ್ಟು ಪೂರ್ತಿ ಓದಿ. ಕಾರ್ಖಾನೆ, ಗಾರ್ಮೆಂಟ್ಸ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದವರ ಮನೆಯವರಂತೂ ಓದಲೇಬೇಕು.

ಪಿಎಫ್ ಕಟ್ಟುತ್ತಿದ್ದವರು ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ ಬರುವುದು ಒಂದು ದುಡ್ಡಲ್ಲ, ಮೂರು. ಖಾತೆಯಲ್ಲಿ ಕೂಡಿದ ಪಿಎಫ್ ಒಂದು. ಹೆಂಡತಿ ಮಕ್ಕಳಿಗೆ ತಿಂಗಳ ಪಿಂಚಣಿ ಇನ್ನೊಂದು. ಮೂರನೆಯದು ಇಡಿಎಲ್‌ಐ ಅನ್ನುವ ವಿಮೆ. ಎಷ್ಟೋ ಮನೆಗಳಿಗೆ ದೊಡ್ಡ ಮೊತ್ತ ಇದೇ, ಗೊತ್ತೇ ಇಲ್ಲದ್ದೂ ಇದೇ. ಇದಕ್ಕೆ ಕಾರ್ಮಿಕನ ಸಂಬಳದಲ್ಲಿ ಒಂದು ಪೈಸೆಯೂ ಹಿಡಿಯುವುದಿಲ್ಲ, ಮಾಲೀಕರೇ ಕಟ್ಟಬೇಕು. ಹಾಗಾಗಿ ಸಂಬಳದ ಚೀಟಿಯ ಕಡಿತದಲ್ಲಿ ಇದರ ಹೆಸರೇ ಇರುವುದಿಲ್ಲ. ಏಜೆಂಟರ ಹೊಟ್ಟೆ ತುಂಬುವುದು ಇಲ್ಲೇ.

ಪೀಣ್ಯದ ಕಡೆ ಕಾಂಟ್ರ್ಯಾಕ್ಟರ್ ಕೈಕೆಳಗೆ ದುಡಿಯುತ್ತಿದ್ದ ಒಬ್ಬರು ಎದೆನೋವು ಬಂದು ಹೋದರು. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ತಿಥಿ ಕಳೆಯುವ ಮುಂಚೆಯೇ ಒಬ್ಬ ಬಂದ. “ಅಕ್ಕ, ನೀವು ಓಡಾಡಬೇಡಿ. ಎಲ್ಲಾ ನಾನು ಮಾಡಿಸ್ತೀನಿ, ಬಂದಿದ್ರಲ್ಲಿ ಹತ್ತು ಪರ್ಸೆಂಟ್ ಕೊಟ್ರೆ ಸಾಕು.” ಮರಣ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ತಗೊಂಡ. ತುಂಬದ ಫಾರಂ ಮೇಲೆ ಸಹಿ. ಮೊತ್ತ ಬರೆಯದ ಚೆಕ್ ಮೇಲೂ ಸಹಿ!

ಪಿಎಫ್ ದುಡ್ಡು ಬಂತು, ಹತ್ತು ಪರ್ಸೆಂಟ್ ಅವನಿಗೆ ಹೋಯಿತು. “ಇನ್ನೇನಾದ್ರೂ ಇದೆಯಾ?” ಅಂತ ಆಕೆ ಬಾಯಿಬಿಟ್ಟು ಕೇಳಿದ್ದಾರೆ. “ಇಲ್ಲ ಅಕ್ಕ, ಇದ್ದಿದ್ದು ಇಷ್ಟೇ.” ಕೆಲವು ತಿಂಗಳು ಸುಮ್ಮನಿದ್ದು ಅವನೇ ಫೋನ್ ಮಾಡಿದ. “ಯಜಮಾನ್ರ ಹೆಸರಲ್ಲಿ ಇನ್ಶೂರೆನ್ಸ್ ಒಂದು ಸಿಕ್ಕಾಕೊಂಡಿದೆ ಅಕ್ಕ, ಐದು ಲಕ್ಷ. ಮೇಲಿನವರಿಗೆಲ್ಲ ಕೊಡಬೇಕು. ಒಂದು ಲಕ್ಷ ರೆಡಿ ಮಾಡ್ಕೊಳ್ಳಿ.” ಓಲೆ, ಸರ ಅಡ ಇಟ್ಟು ಅರ್ಧ ಕೊಟ್ಟರು. ರಸೀದಿ ಕೇಳಿದರೆ, “ಇಂಥದ್ದಕ್ಕೆಲ್ಲ ರಸೀದಿ ಯಾರು ಕೊಡ್ತಾರೆ ಅಕ್ಕ?”

ಕೊನೆಗೆ ಪಿಎಫ್ ಕಚೇರಿಗೇ ಹೋಗಿ ವಿಚಾರಿಸಿದಾಗ ಕೌಂಟರಿನವರು ಹೇಳಿದ್ದು: “ಅಮ್ಮ, ವಿಮೆಗೆ ಅರ್ಜಿಯೇ ಬಂದಿಲ್ಲ. ಪಿಂಚಣಿಗೂ ಬಂದಿಲ್ಲ. ಬರೀ ಪಿಎಫ್‌ಗೆ ಟಿಕ್ ಹಾಕಿದ್ದಾರೆ.”

ಟಿಕ್! ಮರಣ ಪ್ರಕರಣಕ್ಕೆ ಇರುವುದು ಒಂದೇ ಕಾಂಪೊಸಿಟ್ ಕ್ಲೇಮ್ ಫಾರಂ. ಹಿಂದೆ ಪಿಎಫ್‌ಗೆ ಫಾರಂ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್ ಅಂತ ಬೇರೆ ಬೇರೆ ಇದ್ದವು, ಈಗ ಮೂರನ್ನೂ ಇದೊಂದರಲ್ಲೇ ಕೇಳಬಹುದು. ಶುಲ್ಕ ಸೊನ್ನೆ. ಐದು ಲಕ್ಷ ಯಾವ ಮೇಲಿನವರ ಮೇಜಿನಲ್ಲೂ ಸಿಕ್ಕಾಕೊಂಡಿರಲಿಲ್ಲ. ಅವನೇ ಬೇಕೆಂದು ಟಿಕ್ ಹಾಕದೆ ಬಿಟ್ಟು, ಅದನ್ನೇ ಇಟ್ಟುಕೊಂಡು ಎರಡನೇ ಸಲ ಸುಲಿದ. ತಿಂಗಳ ಪಿಂಚಣಿಯ ಮಾತನ್ನಂತೂ ಎತ್ತಲೇ ಇಲ್ಲ, ಅದರಲ್ಲಿ ಅವನಿಗೆ ಒಟ್ಟಿಗೆ ಸಿಗುವ ಕಮಿಷನ್ ಇಲ್ಲವಲ್ಲ!

ಕೇಳಿದ್ದಕ್ಕೆ ಅವನ ಉತ್ತರ: “ನೀವು ಹೇಳಿದ್ದು ಪಿಎಫ್ ಮಾಡಿಸಿ ಅಂತ, ಮಾಡಿಸಿದ್ದೀನಿ.” ಕೊಟ್ಟ ದುಡ್ಡು? “ಅದು ಸರ್ವಿಸ್ ಚಾರ್ಜು.” ಕಂಪ್ಲೇಂಟ್ ಕೊಡ್ತೀವಿ ಅಂದರೆ, “ಕೊಡಿ. ಫಾರಂ ಮೇಲೆ ನಿಮ್ಮ ಸಹಿನೇ ಇದೆ.” ಆ ಹೆಣ್ಣುಮಗಳು ತವರಿನವರಿಗೂ ಹೇಳಿಕೊಳ್ಳಲಾಗದೆ ನಾಚಿಕೆಪಟ್ಟು ಕೂತಿದ್ದರು. ನಾಚಿಕೆಪಡಬೇಕಾದವನು ಇನ್ನೊಂದು ಸಾವಿನ ಮನೆ ಹುಡುಕುತ್ತಿದ್ದ.

ಲೆಕ್ಕ ನೀವೇ ಹಾಕಿಕೊಳ್ಳಿ, ಯಾರನ್ನೂ ಕೇಳಬೇಡಿ. ಕೊನೆಯ 12 ತಿಂಗಳು ಪಿಎಫ್ ಹಿಡಿದ ಸಂಬಳದ ಸರಾಸರಿ (15,000 ರೂಪಾಯಿಗಿಂತ ಹೆಚ್ಚಿಗೆ ಲೆಕ್ಕಕ್ಕಿಲ್ಲ) ಗುಣಿಸು 35. ಅದಕ್ಕೆ ಆ 12 ತಿಂಗಳು ಪಿಎಫ್ ಖಾತೆಯಲ್ಲಿದ್ದ ದುಡ್ಡಿನ ಸರಾಸರಿಯ ಅರ್ಧ ಸೇರಿಸಿ, ಈ ಅರ್ಧ 1.75 ಲಕ್ಷ ದಾಟುವಂತಿಲ್ಲ. ಒಟ್ಟು ಗರಿಷ್ಠ 7 ಲಕ್ಷ. ಸತತ 12 ತಿಂಗಳು ಕೆಲಸ ಮಾಡಿದ್ದರೆ ಕನಿಷ್ಠ 2.5 ಲಕ್ಷ. ಸಂಬಳ 12,000, ಖಾತೆಯಲ್ಲಿ ಸರಾಸರಿ 1.6 ಲಕ್ಷ ಇದ್ದರೆ 4.2 ಲಕ್ಷ, ಜೊತೆಗೆ 80 ಸಾವಿರ. ಅಂದರೆ ಐದು ಲಕ್ಷ. ಈ ಲೆಕ್ಕ ಆ ಖದೀಮನಿಗೆ ಮೊದಲ ದಿನವೇ ಗೊತ್ತಿತ್ತು.

ಪಿಂಚಣಿಗೆ ಹತ್ತು ವರ್ಷ ಸರ್ವಿಸ್ ಬೇಕು ಅಂತ ಹೆದರಿಸುತ್ತಾರೆ. ಸುಳ್ಳು. ಕೆಲಸದಲ್ಲಿದ್ದಾಗ ಸತ್ತರೆ ಒಂದು ತಿಂಗಳ ವಂತಿಗೆ ಬಿದ್ದಿದ್ದರೂ ಸಾಕು. ವಿಧವಾ ಪಿಂಚಣಿ ತಿಂಗಳಿಗೆ ಕನಿಷ್ಠ 1,000. ಅದರ ಕಾಲು ಭಾಗದಷ್ಟು ಒಂದೊಂದು ಮಗುವಿಗೆ, ಒಂದು ಸಲಕ್ಕೆ ಇಬ್ಬರಿಗೆ, 25 ವರ್ಷ ತುಂಬುವವರೆಗೆ. ಸಾವಿನ ಮಾರನೇ ದಿನದಿಂದಲೇ ಲೆಕ್ಕ, ಆದ್ದರಿಂದ ಅರ್ಜಿ ತಡವಾದರೂ ಹಿಂಬಾಕಿ ಕೇಳಿ ಪಡೆಯಿರಿ.

ಇನ್ನೊಂದು ಗುಂಡಿ ಕಾಂಟ್ರ್ಯಾಕ್ಟರ್ ತೋಡುವಂಥದ್ದು. ಪಿಎಫ್ ದಾಖಲೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಸಾವಿಗಿಂತ ಹಿಂದಿನದಾಗಿ ಹಾಕಿಬಿಡುತ್ತಾರೆ, ಇಲ್ಲವೇ ಕಾರಣದ ಜಾಗದಲ್ಲಿ ‘ಸೇವೆಯಲ್ಲಿದ್ದಾಗ ಮರಣ’ ಅನ್ನುವ ಬದಲು ಇನ್ನೇನೋ. ಆಗ ವಿಮೆಗೆ ತಕರಾರು ಗ್ಯಾರಂಟಿ. ಅರ್ಜಿ ಕೊಡುವ ಮುಂಚೆಯೇ ಆ ಎರಡನ್ನೂ ನೋಡಿ ತಿದ್ದಿಸಿ. ಹಾಜರಿ ಪುಸ್ತಕ, ಕೊನೆಯ ಸಂಬಳದ ದಾಖಲೆಯ ನಕಲು ಹಿಡಿದಿಡಿ. “ಕಂಪನಿ ಸೀಲ್ ಹಾಕ್ಸೋಕೆ ಹದಿನೈದು ಸಾವಿರ” ಅಂದಿದ್ದೂ ಅದೇ ಏಜೆಂಟ್ ಆಸಾಮಿ. ಮಾಲೀಕರು ಸಹಿ ಹಾಕದಿದ್ದರೆ ಗೆಜೆಟೆಡ್ ಅಧಿಕಾರಿ, ಬ್ಯಾಂಕ್ ಮ್ಯಾನೇಜರ್, ಪೋಸ್ಟ್ ಮಾಸ್ಟರ್, ಪಂಚಾಯಿತಿ ಅಧ್ಯಕ್ಷರು, ಶಾಸಕರು ಹೀಗೆ ದೃಢೀಕರಿಸಬಹುದಾದವರು ಬೇಕಾದಷ್ಟು ಜನ ಇದ್ದಾರೆ.

ಬೇಕಾದ ಕಾಗದವೂ ಬೆಟ್ಟದಷ್ಟಿಲ್ಲ. ಮರಣ ಪ್ರಮಾಣಪತ್ರ (21 ದಿನದೊಳಗೆ ಸಾವು ನೋಂದಾಯಿಸಿದರೆ ಶುಲ್ಕವಿಲ್ಲ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶದ ತಲೆನೋವು), ಆಧಾರ್, ಹೆಸರು ಮುದ್ರಿತವಾದ ಕ್ಯಾನ್ಸಲ್ ಚೆಕ್ ಅಥವಾ ಪಾಸ್‌ಬುಕ್ ನಕಲು, ಮಕ್ಕಳ ಜನನ ಪ್ರಮಾಣಪತ್ರ, ಫೋಟೋ. ನಾಮಿನಿ ಇಲ್ಲದಿದ್ದರೆ ನಾಡಕಚೇರಿಯಿಂದ ಕುಟುಂಬದ ಜೀವಂತ ಸದಸ್ಯರ ಪ್ರಮಾಣಪತ್ರ. ಹೆಸರಿನ ಅಕ್ಷರ ಆಧಾರ್‌ನಲ್ಲಿ ಒಂದು, ಪಿಎಫ್‌ನಲ್ಲಿ ಇನ್ನೊಂದು ಇದ್ದರೆ ಅರ್ಜಿ ವಾಪಸ್ ಬರುತ್ತದೆ, ಮೊದಲೇ ಸರಿಪಡಿಸಿ.

ಈ ಕುಟುಂಬಕ್ಕೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕೂಡ ಇತ್ತು. ಅಂತ್ಯಕ್ರಿಯೆಯ ಖರ್ಚಿಗೆ 15,000ದವರೆಗೆ ಕೊಡುತ್ತಾರೆ, 3 ತಿಂಗಳೊಳಗೆ ಕೇಳಬೇಕು. “ಅದೆಲ್ಲ ನೋಡ್ಕೋತೀನಿ” ಅಂದವನು ಅವಧಿ ಕಳೆಸಿಬಿಟ್ಟ. ಪಾಸ್‌ಬುಕ್ ಅವನ ಹತ್ತಿರವೇ ಇದ್ದಿದ್ದರಿಂದ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೊಮ್ಮೆ ಹೋಗುವ 436 ರೂಪಾಯಿ ಕಡಿತವಾಗಿದೆಯೇ ಅಂತ ನೋಡಲೂ ಆಗಿರಲಿಲ್ಲ. ಆ ಕಡಿತ ಇದ್ದರೆ 2 ಲಕ್ಷ, ಬ್ಯಾಂಕ್ ಶಾಖೆಯಲ್ಲೇ ಕೇಳಬೇಕು. ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಸುರಕ್ಷಾ ವಿಮೆ ಅಪಘಾತಕ್ಕೆ ಮಾತ್ರ.

ಈಗಾಗಲೇ ಯಾರಾದರೂ ಸಹಿ ಮಾಡಿದ ಚೆಕ್ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಪಾವತಿ ನಿಲ್ಲಿಸಿ. ಅಸಲು ಕಾಗದ ಯಾರ ಕೈಗೂ ಬೇಡ, ಒಟಿಪಿ ಹೇಳಬೇಡಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಇಸ್ಕೊಳ್ಳಿ. 20 ದಿನ ದಾಟಿಯೂ ಸದ್ದಿಲ್ಲದಿದ್ದರೆ ಪಿಎಫ್ ಸಹಾಯವಾಣಿ 14470ಕ್ಕೆ ಫೋನ್ ಮಾಡಿ, ಇಲ್ಲವೇ ಪ್ರತಿ ತಿಂಗಳು 27ರಂದು ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಆ ಸ್ವೀಕೃತಿ ಹಿಡಿದು ಹೋಗಿ. ನೀವೇ ಹೋಗಿ, ಏಜೆಂಟನನ್ನು ಕಳಿಸಬೇಡಿ.