ಫೆಸ್‌ನಲ್ಲಿ ಯಾರಾದರೂ ‘ಈ ದಾರಿ ಬಂದ್’ ಅಂದರೆ ನಂಬಬೇಡಿ

ಮೊರಾಕ್ಕೊದ ಫೆಸ್ ಊರಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ನಾನು ಸುಮಾರು 20 ಸಾವಿರ ರೂಪಾಯಿ ಕಳೆದುಕೊಂಡೆ. ಯಾರೂ ಚೀಲಕ್ಕೆ ಕೈ ಹಾಕಲಿಲ್ಲ, ಚಾಕು ತೋರಿಸಲಿಲ್ಲ. ಎಲ್ಲವನ್ನೂ ನಾನೇ ಕೈಯಾರೆ ಕೊಟ್ಟೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೆ ಮುಂದಿನ ತಿಂಗಳು ಇಬ್ಬರು ಗೆಳತಿಯರು ಅದೇ ಊರಿಗೆ ಹೊರಟಿದ್ದಾರೆ, ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳೋದಕ್ಕಿಂತ ಪೂರ್ತಿ ಬರೆದುಬಿಡೋಣ ಅನಿಸಿತು.

ನಾನು ಮಾಡಿದ ಮೊದಲ ತಪ್ಪು ಶುಕ್ರವಾರ ಹೋಗಿದ್ದು. ಮರುದಿನ ಬೆಳಿಗ್ಗೆ ರೈಲು ಬುಕ್ ಆಗಿತ್ತು, ನನ್ನ ಬಳಿ ಇದ್ದದ್ದು ಆ ಒಂದು ದಿನ ಮಾತ್ರ. ಫೆಸ್‌ನ ಹಳೆ ಊರಿನಲ್ಲಿ ಶುಕ್ರವಾರ ಮಧ್ಯಾಹ್ನ ಅಂದರೆ ಮಸೀದಿ, ಆಮೇಲೆ ಮನೆಯಲ್ಲಿ ಕುಸ್‌ಕುಸ್ ಊಟ. ಅಂಗಡಿಗಳು ಬಾಗಿಲು ಎಳೆದುಕೊಳ್ಳುತ್ತವೆ. ಗಿಜಿಗುಡುವ ಗಲ್ಲಿಗಳು ಒಂದು ಗಂಟೆಯೊಳಗೆ ಖಾಲಿ ಹೊಡೆಯುತ್ತವೆ. ಇದು ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಮಾತ್ರ ತುಂಬಾ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಬಾಬ್ ಬುಜ್ಲೂದ್ ಅಂತ ಒಂದು ಹೆಬ್ಬಾಗಿಲಿದೆ. ಹೊರಗಿಂದ ನೀಲಿ, ಒಳಗಿಂದ ನೋಡಿದರೆ ಹಸಿರು. ಸುತ್ತಲಿನ ಊರು ಸಾವಿರ ವರ್ಷಕ್ಕಿಂತ ಹಳೆಯದು, ಈ ಬಾಗಿಲು ಕಟ್ಟಿದ್ದು ಮಾತ್ರ 1913ರಲ್ಲಿ. ಅದನ್ನು ದಾಟಿದರೆ ತಲಾ ಕಬೀರಾ, ತಲಾ ಸ್ಗೀರಾ ಎಂಬ ಎರಡು ಮುಖ್ಯ ಬೀದಿಗಳು ಇಳಿಜಾರಿನಲ್ಲಿ ಕೆಳಗೆ ಹೋಗುತ್ತವೆ. ಕಾರು ಬರೋ ಹಾಗಿಲ್ಲ. ಸಾಮಾನು ಹೊರುವುದು ಕತ್ತೆ, ಹೇಸರಗತ್ತೆ. ಹಿಂದಿನಿಂದ ‘ಬಾಲಾಕ್, ಬಾಲಾಕ್’ ಅಂತ ಕೂಗಿದರೆ ಗೋಡೆಗೆ ಅಂಟಿಕೊಳ್ಳಬೇಕು. ನನಗೆ ಅದು ಗೊತ್ತಾಗಿದ್ದು ಒಂದು ಹೇಸರಗತ್ತೆಯ ಬೆನ್ನಿಗೆ ಕಟ್ಟಿದ್ದ ಗ್ಯಾಸ್ ಸಿಲಿಂಡರ್ ಭುಜಕ್ಕೆ ತಾಗಿದ ಮೇಲೆ.

ಬಾಗಿಲಿನ ಹತ್ತಿರವೇ ಬೂ ಇನಾನಿಯಾ ಮದರಸಾ ಇದೆ. 14ನೇ ಶತಮಾನದ ಮರೀನಿ ಸುಲ್ತಾನರ ಕಾಲದ್ದು. ನಾನು ಹೋದಾಗ 20 ದಿರ್ಹಮ್ ಟಿಕೆಟ್. ಆಗ ಒಂದು ದಿರ್ಹಮ್ ಅಂದರೆ ಸುಮಾರು ಒಂಬತ್ತು ರೂಪಾಯಿ. ಕೆಳಗೆ ಬಣ್ಣದ ಹೆಂಚಿನ ಚೂರುಗಳ ಕೆಲಸ, ನಡುವೆ ಗಾರೆಯ ಕೆತ್ತನೆ, ಮೇಲೆ ದೇವದಾರು ಮರದ್ದು. ಅಂಗಳದಲ್ಲಿ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದೆ. ನಮಾಜಿನ ಹೊತ್ತಾಯ್ತು ಅಂತ ಕಾವಲುಗಾರ ನಯವಾಗಿ ಹೊರಗೆ ಕಳಿಸಿದ. ಆಗಲೇ ರೂಮಿಗೆ ವಾಪಸ್ ಹೋಗಿ ಮಲಗಿದ್ದರೆ ಈ ಬರಹ ಇರುತ್ತಿರಲಿಲ್ಲ.

ನನಗೆ ನೋಡಬೇಕಿದ್ದದ್ದು ಸಫ್ಫಾರೀನ್ ಚೌಕ. ತಾಮ್ರದ ಕಡಾಯಿ ಬಡಿಯುವವರ ಜಾಗ. ದಾರಿ ತಪ್ಪಿದರೆ ಸುತ್ತಿಗೆ ಸದ್ದು ಹಿಡಿದು ಹೋಗಿ ಅಂತ ಯಾರೋ ಹೇಳಿದ್ದರು. ಆದರೆ ಶುಕ್ರವಾರ ಅಲ್ವಾ, ಸುತ್ತಿಗೆಯೇ ಇಲ್ಲ. ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕೆ ಎತ್ತರದ ಗೋಡೆಗಳ ಮಧ್ಯೆ ಅಲ್ಲಿಂದಿಲ್ಲಿಗೆ ಜಿಗಿಯುತ್ತಿತ್ತು. ಕರವಿಯ್ಯೀನ್ ಮಸೀದಿಯ ಹತ್ತಿರ ನಿಂತು ಫೋನನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸುತ್ತಿದ್ದೆ. ದೂರದಿಂದ ನೋಡುವವರಿಗೆ ‘ಈಕೆಗೆ ದಾರಿ ತಪ್ಪಿದೆ’ ಅಂತ ಬೋರ್ಡ್ ಹಾಕಿದ ಹಾಗೆ.

ಬಂದವನಿಗೆ ಹದಿನೇಳೋ ಹದಿನೆಂಟೋ ವಯಸ್ಸು. ‘ಇಂಡಿಯಾ? ಶಾರುಖ್ ಖಾನ್!’ ಅಂದ. ನಾನು ನಕ್ಕೆ. ‘ಫೆಸ್‌ಗೆ ಮೊದಲ ಸಲವಾ?’ ಅಂದ. ಹೌದು ಅಂದೆ. ಈ ಪ್ರಶ್ನೆಗೆ ಮಾತ್ರ ಹೌದು ಅನ್ನಬೇಡಿ. ಆಮೇಲೆ ಮುಂದಿದ್ದ ಗಲ್ಲಿ ತೋರಿಸಿ, ‘ಅದು ಬಂದ್ ಸಿಸ್ಟರ್. ಇವತ್ತು ಶುಕ್ರವಾರ, ಮಸೀದಿಗೆ ಹೋಗುವವರಿಗೆ ಮಾತ್ರ. ಈ ಕಡೆ ಬನ್ನಿ, ನಾನೂ ಅಲ್ಲಿಗೇ ಹೋಗ್ತಿದ್ದೀನಿ’ ಅಂದ.

ಆ ಗಲ್ಲಿ ಬಂದ್ ಆಗಿರಲೇ ಇಲ್ಲ. ಸಂಜೆ ನಾನು ಉಳಿದುಕೊಂಡಿದ್ದ ರಿಯಾದ್‌ನ (ಹಳೆ ಮನೆಯಲ್ಲೇ ಮಾಡಿದ ವಸತಿಗೃಹ) ಯಜಮಾನರು ಹೇಳಿದರು, ನಾನು ನಿಂತಲ್ಲಿಂದ ಸಫ್ಫಾರೀನ್ ಐದು ನಿಮಿಷ ಕೂಡ ಇರಲಿಲ್ಲವಂತೆ. ಆದರೆ ಆ ಹೊತ್ತಿಗೆ ಅವನ ಮಾತು ಎಷ್ಟು ಸರಿ ಅನಿಸಿತು! ಶುಕ್ರವಾರ ಅನ್ನೋದು ನಿಜ, ಮಸೀದಿ ಕಣ್ಣೆದುರಿಗೇ ಇದೆ, ಬೇರೆ ಧರ್ಮದವರನ್ನು ಒಳಗೆ ಬಿಡೋದಿಲ್ಲ ಅನ್ನೋದೂ ನಿಜ. ಮೂರು ನಿಜದ ಜೊತೆ ಒಂದು ಸುಳ್ಳು ಸೇರಿಸಿದ್ದ. ದುಡ್ಡಿನ ಮಾತೇ ಎತ್ತಲಿಲ್ಲ. ‘ನಾನು ಗೈಡ್ ಅಲ್ಲ, ವಿದ್ಯಾರ್ಥಿ’ ಅಂತ ಎರಡು ಸಲ ಹೇಳಿದ. ಕೇಳದೇ ಇದ್ದರೂ ಯಾಕೆ ಹೇಳ್ತಿದ್ದಾನೆ ಅಂತ ಆಗ ಹೊಳೆಯಬೇಕಿತ್ತು. ಪರವಾನಗಿ ಇರುವ ಗೈಡ್‌ಗಳು ಕೊರಳಿಗೆ ಸರ್ಕಾರದ ಗುರುತಿನ ಚೀಟಿ ಹಾಕಿಕೊಂಡಿರುತ್ತಾರೆ. ಅದಿಲ್ಲದೆ ಪ್ರವಾಸಿಗರನ್ನು ಸುತ್ತಾಡಿಸುವುದು ಅಲ್ಲಿ ಅಪರಾಧ. ‘ಗೈಡ್ ಅಲ್ಲ’ ಅನ್ನೋ ಮಾತು ಅದಕ್ಕೇ.

ಕರೆದುಕೊಂಡು ಹೋಗಿದ್ದು ಶುವಾರಾಕ್ಕೆ, ಅಂದರೆ ಚರ್ಮ ಹದ ಮಾಡುವ ಜಾಗಕ್ಕೆ. ‘ನಮ್ಮ ಚಿಕ್ಕಪ್ಪನ ತಾರಸಿ, ಫ್ರೀ.’ ಮೆಟ್ಟಿಲ ಬುಡದಲ್ಲಿ ಒಬ್ಬ ಪುದೀನ ಸೊಪ್ಪಿನ ಎಸಳು ಕೈಗಿಟ್ಟ, ಮೂಗಿಗೆ ಹಿಡಿಯೋಕೆ. ಬೇಕೇ ಬೇಕು. ಅಲ್ಲಿ ತೊಗಲನ್ನು ಸುಣ್ಣದ ನೀರಿನಲ್ಲೂ ಪಾರಿವಾಳದ ಹಿಕ್ಕೆ ಕಲಸಿದ ನೀರಿನಲ್ಲೂ ನೆನೆಸುತ್ತಾರೆ. ಹಿಕ್ಕೆಯ ಕ್ಷಾರಕ್ಕೆ ಚರ್ಮ ಮೆತ್ತಗಾಗುತ್ತೆ. ಮೇಲಿಂದ ನೋಡಿದರೆ ಜೇನುಗೂಡಿನ ಹಾಗೆ ಒಂದಕ್ಕೊಂದು ಅಂಟಿದ ಕಲ್ಲಿನ ತೊಟ್ಟಿಗಳು. ಒಂದು ಕಡೆ ಬಿಳಿ, ಇನ್ನೊಂದು ಕಡೆ ಕೆಂಪು, ಕಂದು. ತೊಡೆವರೆಗೆ ಇಳಿದು ಕಾಲಲ್ಲಿ ತುಳಿಯುವವರು ಶುಕ್ರವಾರ ಅಂತ ಇಬ್ಬರೋ ಮೂವರೋ ಇದ್ದರು ಅಷ್ಟೇ. ಹಳದಿ ಬಣ್ಣಕ್ಕೆ ಕೇಸರಿ ಹಚ್ಚುತ್ತೇವೆ ಅಂದ ಅಂಗಡಿಯವನು. ನಾವು ಮನೆಯಲ್ಲಿ ಕೇಸರಿಬಾತ್‌ಗೆ ಎಸಳು ಎಣಿಸಿ ಹಾಕುವವರು. ಒಳಗೊಳಗೇ ನಗು ಬಂತು.

ಇಳಿಯುವ ದಾರಿ ಅಂಗಡಿಯ ಒಳಗಿಂದಲೇ ಇತ್ತು. ಪುದೀನ ಚಹಾ ಬಂತು. ಹಳದಿ ಬಣ್ಣದ ಒಂದು ಹೆಗಲ ಚೀಲ ನನಗೆ ನಿಜವಾಗಿಯೂ ಇಷ್ಟ ಆಯ್ತು. ಎಷ್ಟು ಅಂದೆ. ‘ನಾನೂರ ಐವತ್ತು.’ ನೂರು ಅಂದೆ. ಎದೆ ಮೇಲೆ ಕೈ ಇಟ್ಟುಕೊಂಡು ನೊಂದವನ ಹಾಗೆ ಮುಖ ಮಾಡಿದ. ಮುನ್ನೂರು ಅಂದ. ಎದ್ದು ನಿಂತೆ. ಮತ್ತೆ ಕೂರಿಸಿದ. ಕೊನೆಗೆ ‘ಇನ್ನೂರು, ನಿಮಗೂ ಬೇಡ ನನಗೂ ಬೇಡ’ ಅನ್ನೋ ಹಾಗೆ ಕೈ ಕುಲುಕಿದ. ಸಾವಿರದ ಎಂಟುನೂರು ರೂಪಾಯಿಗೆ ಅಸಲಿ ಚರ್ಮದ ಚೀಲ! ಚೌಕಾಸಿಯಲ್ಲಿ ಅಮ್ಮನನ್ನೂ ಮೀರಿಸಿದೆ ಅಂತ ಬೀಗಿದೆ. ನಗದು ಕಡಿಮೆ ಇತ್ತು, ಕಾರ್ಡ್ ಕೊಟ್ಟೆ. ಒಂದು ಕೈಯಲ್ಲಿ ಬಿಸಿ ಚಹಾ ಲೋಟ, ಇನ್ನೊಂದು ಕೈಯಲ್ಲಿ ಪಿನ್ ಒತ್ತಿದೆ. ಮಷಿನ್ ಮೇಲೆ ಏನು ಬಂದಿತ್ತು ಅಂತ ನೋಡಲೇ ಇಲ್ಲ. ಚೀಟಿಯನ್ನು ಅವನೇ ಮಡಚಿ ಚೀಲದ ಒಳಜೇಬಿಗೆ ಹಾಕಿದ.

ನಾನು ದಿರ್ಹಮ್ಮಾ ಅಂತ ಕೇಳಲಿಲ್ಲ. ಅವನು ಯೂರೋ ಅಂತ ಹೇಳಲಿಲ್ಲ.

ಹೊರಗೆ ಬಂದಾಗ ಹುಡುಗ ಕಾಯುತ್ತಿದ್ದ. ಈಗ ಜೊತೆಗೆ ಇನ್ನಿಬ್ಬರು. ಹೋಗುವ ದಾರಿ ಇದು ಅಂತ ಎರಡು ತಿರುವು ತಿರುಗಿಸಿ ಒಂದು ಕಡೆ ನಿಲ್ಲಿಸಿದ. ಮುಂದೆ ಗೋಡೆ. ‘ಮುನ್ನೂರು ದಿರ್ಹಮ್, ಗೈಡ್ ಫೀ.’ ಈಗ ಮಾತ್ರ ದಿರ್ಹಮ್ ಅಂತ ಬಿಡಿಸಿ ಹೇಳಿದ ನೋಡಿ. ನೀನು ಗೈಡ್ ಅಲ್ಲ ಅಂದೆಯಲ್ಲಪ್ಪ ಅಂದರೆ, ನಗು ಮಾಯ. ಯಾರೂ ಮೈ ಮುಟ್ಟಲಿಲ್ಲ. ಸುಮ್ನೆ ದಾರಿಗೆ ಅಡ್ಡ ನಿಂತರು, ಅಷ್ಟೇ. ಎಡಕ್ಕೂ ಬಲಕ್ಕೂ ಮುಚ್ಚಿದ ಬಾಗಿಲು. ನನ್ನ ನಾಲಿಗೆ ಒಣಗಿತು. ನೂರು ಕೊಟ್ಟೆ, ಇದು ಮಕ್ಕಳಿಗೆ ಕೊಡೋ ದುಡ್ಡು ಅಂತ ಕೈಯಲ್ಲೇ ಹಿಡಿದುಕೊಂಡು ಆಡಿಸಿದ. ಇನ್ನೊಂದು ನೂರು ಕೊಟ್ಟೆ. ಮೂರನೆಯದಕ್ಕೆ ಕೈ ಹಾಕಿದ್ದೆ.

ಅಷ್ಟರಲ್ಲಿ ಒಂದು ಬಾಗಿಲು ತೆರೆಯಿತು. ವಯಸ್ಸಾದ ಹೆಂಗಸು, ಕೈಯಲ್ಲಿ ಬಟ್ಟೆ ಮುಚ್ಚಿದ ಮರದ ಹಲಗೆ. ಅಲ್ಲಿ ಮನೆಯಲ್ಲಿ ನಾದಿದ ರೊಟ್ಟಿಯನ್ನು ಓಣಿಯ ಸಾಮೂಹಿಕ ಒಲೆಗೆ ಒಯ್ದು ಸುಡಿಸಿಕೊಂಡು ಬರುತ್ತಾರೆ. ಆಕೆ ನನ್ನನ್ನು ನೋಡಿದರು, ಹುಡುಗರನ್ನು ನೋಡಿದರು. ‘ಹ್ಶೂಮಾ! ಹ್ಶೂಮಾ ಅಲೀಕುಮ್!’ ಅಂತ ಶುರು ಮಾಡಿದರು ನೋಡಿ, ಭಾಷೆ ಬೇಕಾಗಿರಲಿಲ್ಲ. ಹ್ಶೂಮಾ ಅಂದರೆ ನಾಚಿಕೆಗೇಡು ಅಂತ ಆಮೇಲೆ ತಿಳಿಯಿತು. ಮೂವರೂ ತಲೆ ತಗ್ಗಿಸಿ ಜಾಗ ಖಾಲಿ ಮಾಡಿದರು. ಹಲಗೆಯನ್ನು ಸೊಂಟಕ್ಕೆ ಒರಗಿಸಿಕೊಂಡೇ ಆಕೆ ನನ್ನನ್ನು ರ್ಸೀಫ್ ಚೌಕದವರೆಗೆ ಬಿಟ್ಟರು. ಅಲ್ಲಿಗೆ ಟ್ಯಾಕ್ಸಿ ಬರುತ್ತೆ, ಕೆಂಪು ಬಣ್ಣದ ಚಿಕ್ಕವು, ಮೀಟರ್ ಹಾಕಿಸಿಕೊಳ್ಳಿ. ದುಡ್ಡು ಕೊಡಲು ಹೋದರೆ ಆಕೆ ಕೈ ತಳ್ಳಿದರು. ಫೆಸ್ ಜನ ಮೋಸಗಾರರು ಅಂತ ಯಾರಾದರೂ ಅಂದರೆ ನನಗೆ ಈ ಅಜ್ಜಿಯೇ ಕಣ್ಣ ಮುಂದೆ ಬರುತ್ತಾರೆ.

ರಿಯಾದ್‌ನ ವೈಫೈ ಸಿಕ್ಕ ಕೂಡಲೇ ಬ್ಯಾಂಕಿನ ಈಮೇಲ್ ಬಂತು. 2,150 ದಿರ್ಹಮ್. ಒಳಜೇಬಿನ ಚೀಟಿಯಲ್ಲೂ ಅದೇ. ಅಂದರೆ 200 ಯೂರೋ. ವಿದೇಶಿ ವಿನಿಮಯದ ಶುಲ್ಕ ಸೇರಿ 20 ಸಾವಿರ ದಾಟಿತ್ತು. ಯಜಮಾನರು ಚೀಟಿ ನೋಡಿ ನಿಟ್ಟುಸಿರು ಬಿಟ್ಟರು. ಪ್ರವಾಸಿಗರಿಗೇ ಬೇರೆ ಪೊಲೀಸ್ ಇದ್ದಾರೆ, ಬೆಳಿಗ್ಗೆ ಹೋಗೋಣ ಅಂದರು. ನಾನು ರೈಲು ತಪ್ಪಿಸಿಕೊಳ್ಳಲು ಒಪ್ಪಲಿಲ್ಲ. ಇದು ಎರಡನೇ ದೊಡ್ಡ ತಪ್ಪು. ಊರಿಗೆ ಬಂದು ಬ್ಯಾಂಕಿಗೆ ದೂರು ಕೊಟ್ಟೆ. ಪಿನ್ ನೀವೇ ಒತ್ತಿದ್ದೀರಿ, ವಸ್ತು ನಿಮ್ಮ ಕೈ ಸೇರಿದೆ, ನಾವೇನೂ ಮಾಡೋ ಹಾಗಿಲ್ಲ ಅಂದರು. ಅವರ ಮಾತಲ್ಲೂ ತಪ್ಪಿಲ್ಲ ಬಿಡಿ.

ಹೋಗುವವರಿಗೆ ಒಂದಷ್ಟು ಮಾತು. ದಾರಿ ತಪ್ಪಿದರೆ ಗಲ್ಲಿ ಮಧ್ಯೆ ಫೋನ್ ಹಿಡಿದು ನಿಲ್ಲಬೇಡಿ, ಯಾವುದಾದರೂ ಅಂಗಡಿಯ ಒಳಗೆ ಹೋಗಿ ಅಲ್ಲಿ ಕೂತವರನ್ನು ಕೇಳಿ. ಅವರು ಗಲ್ಲಾ ಬಿಟ್ಟು ನಿಮ್ಮ ಹಿಂದೆ ಬರೋದಿಲ್ಲ. ಏರು ಹತ್ತುತ್ತಾ ಹೋದರೆ ಹೆಚ್ಚಾಗಿ ಬುಜ್ಲೂದ್ ಬಾಗಿಲ ಕಡೆ ಬರುತ್ತೀರಿ, ಇಳಿದರೆ ಕರವಿಯ್ಯೀನ್, ರ್ಸೀಫ್ ಕಡೆ. ಬಂದ್ ಅಂದ ಗಲ್ಲಿಗೆ ನೀವೇ ಹೋಗಿ ಕಣ್ಣಾರೆ ನೋಡಿ. ‘ಲಾ, ಶುಕ್ರನ್’ (ಬೇಡ, ಥ್ಯಾಂಕ್ಸ್) ಅಂತ ಒಂದು ಸಲ ಹೇಳಿ ನಡೆಯುತ್ತಿರಿ, ನಿಲ್ಲಬೇಡಿ. ಬೆಲೆ ಕೇಳುವಾಗ ದಿರ್ಹಮ್ ಅಂತ ಬಾಯಿಬಿಟ್ಟು ಹೇಳಿಸಿ, ಕಾರ್ಡ್ ಕೊಡುವ ಮೊದಲು ಚಹಾ ಲೋಟ ಕೆಳಗಿಡಿ. ಗೈಡ್ ಬೇಕು ಅನಿಸಿದರೆ ಹಿಂದಿನ ದಿನವೇ ಉಳಿದುಕೊಂಡ ಕಡೆ ಹೇಳಿ ಪರವಾನಗಿ ಇರುವವರನ್ನೇ ಕರೆಸಿಕೊಳ್ಳಿ.

ಚೀಲ ಮಾತ್ರ ಗಟ್ಟಿಮುಟ್ಟಾಗಿದೆ. ಈಗಲೂ ಮಳೆ ಬಂದರೆ ಸ್ವಲ್ಪ ವಾಸನೆ ಹೊಡೆಯುತ್ತೆ, ಅದೊಂದು ಬಿಟ್ಟರೆ ಏನೂ ತೊಂದರೆ ಇಲ್ಲ. ಆಫೀಸಿಗೆ ದಿನಾ ಅದನ್ನೇ ಒಯ್ಯುತ್ತೇನೆ. ಎಷ್ಟು ಕೊಟ್ಟೆ ಅಂತ ಯಾರಾದರೂ ಕೇಳಿದರೆ ‘ಇನ್ನೂರು’ ಅನ್ನುತ್ತೇನೆ.