ಟ್ರ್ಯಾಕ್ಷನ್ ಆಫ್ ಸ್ವಿಚ್ ಹಾಕಿಸ್ತೀರಾ? ಮೊದಲು ಇದನ್ನ ಓದಿ

ಹಳೇ ಗಾಡಿಗೆ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿ ಸುಮ್ಮನೆ ಸುತ್ತದ ಹಾಗೆ ತಡೆಯೋ ವ್ಯವಸ್ಥೆ) ಆಫ್ ಮಾಡೋ ಸ್ವಿಚ್ ಹಾಕಿಸೋಣ ಅಂತ ಯಾರಾದರೂ ಯೋಚಿಸ್ತಿದ್ದರೆ ಸ್ವಲ್ಪ ತಡೀರಿ. ನಾನು ಹಾಕಿಸಿದೆ. ಮೂರು ವಾರದಲ್ಲಿ ಗಾಡಿಯನ್ನ ಚಾರ್ಮಾಡಿ ಘಾಟಿಯ ತಡೆಗೋಡೆಗೆ ಗುದ್ದಿಸಿಕೊಂಡೆ.

ನಮ್ಮ ತೋಟ ಬಣಕಲ್ ಹತ್ತಿರ. ಮುಖ್ಯರಸ್ತೆಯಿಂದ ಮನೆಗೆ ಮಣ್ಣುರಸ್ತೆ, ಕೊನೆಗೆ ಕಣದ ಪಕ್ಕ ಒಂದು ಏರು. ಆರ್ದ್ರಾ ಮಳೆ ಹಿಡಿದರೆ ಆ ಏರು ಸೋಪು ಸವರಿದ ಹಾಗಿರುತ್ತೆ. ಗಾಡಿ 2013ರ ಮಾಡೆಲ್, ಸೆಕೆಂಡ್ ಹ್ಯಾಂಡ್, ಮುಂದಿನ ಚಕ್ರ ಎಳೆಯೋದು. ಅರ್ಧ ಏರಿಗೆ ಬಂದು ಚಕ್ರ ಒಂದಿಷ್ಟು ಜಾರಿದರೆ ಸಾಕು, ಡ್ಯಾಶ್‌ಬೋರ್ಡಲ್ಲಿ ದೀಪ ಮಿಣುಕುತ್ತೆ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಂಜಿನ್ ಕುಗ್ಗಿಹೋಗುತ್ತೆ. ಟಾರು ರಸ್ತೆಯಲ್ಲಿ ಇದು ಒಳ್ಳೇದೇ. ಕೆಸರಲ್ಲಿ ಮಾತ್ರ ಚಕ್ರ ಒಂದೆರಡು ಸುತ್ತು ಸುತ್ತಿ, ಮೇಲಿನ ರಾಡಿ ಕಿತ್ತು, ಕೆಳಗಿನ ಗಟ್ಟಿ ಮಣ್ಣು ಹಿಡಿಯಬೇಕು. ಅದನ್ನೇ ಇದು ಬಿಡಲ್ಲ. ಎಷ್ಟೋ ಗಾಡಿಗಳಲ್ಲಿ ಆಫ್ ಮಾಡೋಕೆ ಬಟನ್ ಕೊಟ್ಟಿರ್ತಾರೆ, ನಮ್ಮದರಲ್ಲಿ ಆ ಜಾಗಕ್ಕೆ ಖಾಲಿ ಪ್ಲಾಸ್ಟಿಕ್ ಮುಚ್ಚಳ.

ಚಿಕ್ಕಮಗಳೂರಲ್ಲಿ ಒಬ್ಬ ಎಲೆಕ್ಟ್ರಿಷಿಯನ್ "ಇಷ್ಟೇ ತಾನೆ ಸಾರ್, ಅರ್ಧ ಗಂಟೆ ಕೆಲಸ" ಅಂದ. ಎಡಗಡೆ ಮುಂದಿನ ಚಕ್ರದ ವೇಗ ಅಳೆಯೋ ಸೆನ್ಸರಿನ ವೈರ್ ಕತ್ತರಿಸಿ, ತುದಿಗಳಿಗೆ ಉದ್ದ ವೈರ್ ಸುತ್ತಿ ಟೇಪ್ ಹಾಕಿ, ಸ್ಟೇರಿಂಗ್ ಕೆಳಗೊಂದು ಟಾಗಲ್ ಸ್ವಿಚ್ ಕೂರಿಸಿದ. ಸ್ವಿಚ್ಚಿಗೆ 80 ರೂಪಾಯಿ, ಕೂಲಿ 600. ಸ್ವಿಚ್ ಒತ್ತಿ ಸ್ವಲ್ಪ ಹೊತ್ತಿಗೆ ಎರಡು ಹಳದಿ ದೀಪ ಹತ್ತಿದವು, ಒಂದರ ಮೇಲೆ ಎಬಿಎಸ್ ಅಂತಿತ್ತು, ಅಂದರೆ ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋ ವ್ಯವಸ್ಥೆ. ಇದೇನಪ್ಪಾ ಅಂತ ಕೇಳಿದೆ.

"ಅದು ಹಂಗೇ ಸಾರ್. ಕಾಟ ಅನ್ಸಿದ್ರೆ ಮೇಲೊಂದು ಕಪ್ಪು ಟೇಪ್ ಹಚ್ಚಿಕೊಡ್ತೀನಿ."

ಟೇಪ್ ಬೇಡ ಅಂದೆ. ಟೇಪ್ ಬೇಡ ಅನ್ನೋಷ್ಟು ಬುದ್ಧಿ ಇದ್ದವನಿಗೆ ಸ್ವಿಚ್ಚೇ ಬೇಡ ಅನ್ನೋದು ಹೊಳೀಲಿಲ್ಲ ನೋಡಿ.

ಸುಳ್ಳು ಹೇಳಬಾರದು, ಗಾಡಿ ಏರು ಹತ್ತಿತು. ಮನೆಮಂದಿಗೆಲ್ಲ ಸ್ವಿಚ್ ತೋರಿಸಿ ಬೀಗಿದ್ದೂ ಆಯ್ತು.

ಆವತ್ತು ಉಜಿರೆಗೆ ಹೊರಟಿದ್ವಿ. ಕೆಸರಿಗೆ ಅಂತ ಒತ್ತಿದ್ದ ಸ್ವಿಚ್ಚನ್ನ ಟಾರು ರಸ್ತೆಗೆ ಬಂದ ಕೂಡಲೇ ವಾಪಸ್ ಹಾಕಿದೆ, ಅದನ್ನ ಮರೆತವನಲ್ಲ. ಕೊಟ್ಟಿಗೆಹಾರ ದಾಟುವಾಗ ನಮ್ಮ ಮನೆಯವರು "ರೀ, ಆ ದೀಪ ಇನ್ನೂ ಉರೀತಿದೆಯಲ್ಲ" ಅಂದರು. "ಹೋಗುತ್ತೆ ಬಿಡು" ಅಂದೆ. ಘಾಟಿಯಲ್ಲಿ ಮಂಜು, ಜಿಟಿಜಿಟಿ ಮಳೆ. 40ರ ಆಸುಪಾಸಲ್ಲಿ ಇಳೀತಾ ಇದ್ದೆ. ಬಲಕ್ಕೆ ಒಂದು ತಿರುವು, ಮುಂದಿದ್ದ ಬಸ್ಸು ತಟ್ಟನೆ ನಿಂತಿತು. ಬ್ರೇಕ್ ತುಳಿದೆ. ಕಾಲಡಿ ಕಟಕಟ ಅನ್ನಬೇಕಿದ್ದ ಪೆಡಲ್ ಕಲ್ಲಿನ ಹಾಗೆ ಸುಮ್ಮನಿತ್ತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ದೀನಿ, ಗಾಡಿ ಮಾತ್ರ ನೇರ ಹೋಗ್ತಿದೆ. ಬಸ್ಸು ತಪ್ಪಿತು, ಎಡಗಡೆ ತಡೆಗೋಡೆ ತಪ್ಪಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಹೆಡ್‌ಲೈಟು, ಫೆಂಡರು, ಬಂಪರು ಹೋದವು. ಗೋಡೆಯಾಚೆ ಎಷ್ಟು ಆಳ ಅಂತ ನಾನು ಇಣುಕಿ ನೋಡಲಿಲ್ಲ.

ಆಮೇಲೆ ಇನ್ನೊಂದು ಗ್ಯಾರೇಜಿನ ಮೇಸ್ತ್ರಿ ಸ್ಕ್ಯಾನರ್ ಹಾಕಿ ವಿವರಿಸಿದ ಮೇಲೆ ಗೊತ್ತಾಯ್ತು. ಟ್ರ್ಯಾಕ್ಷನ್ ಕಂಟ್ರೋಲಿಗೆ ಬೇರೆ ಕಣ್ಣಿಲ್ಲ, ಎಬಿಎಸ್‌ನ ಚಕ್ರದ ಸೆನ್ಸರುಗಳೇ ಅದಕ್ಕೂ ಕಣ್ಣು. ಒಂದು ಸೆನ್ಸರ್ ವೈರ್ ತುಂಡಾದರೆ ಮಾಡ್ಯೂಲ್ (ಇವೆರಡನ್ನೂ ನಡೆಸೋ ಪುಟ್ಟ ಕಂಪ್ಯೂಟರ್) ಅದನ್ನ ಕೆಟ್ಟುಹೋಗಿದೆ ಅಂತಲೇ ಓದುತ್ತೆ, ಟ್ರ್ಯಾಕ್ಷನ್ ಜೊತೆಗೆ ಎಬಿಎಸ್ಸನ್ನೂ ಬಂದ್ ಮಾಡುತ್ತೆ. ಬ್ರೇಕ್ ಹಿಡಿಯುತ್ತೆ, ಆದರೆ ಚಕ್ರ ಲಾಕ್ ಆದರೆ ಬಿಡಿಸೋರಿಲ್ಲ. ಲಾಕ್ ಆದ ಚಕ್ರ ಸ್ಟೇರಿಂಗ್ ಮಾತು ಕೇಳಲ್ಲ. ಫ್ಯೂಸ್ ಕಿತ್ತರೂ ಇದೇ ಕಥೆ.

ನನಗೆ ಹೊಡೆತ ಕೊಟ್ಟಿದ್ದು ಇದರ ಮುಂದಿನ ವಿಷಯ. ಸ್ವಿಚ್ ವಾಪಸ್ ಹಾಕಿದ ಮಾತ್ರಕ್ಕೆ ಎಬಿಎಸ್ ವಾಪಸ್ ಬರಲ್ಲ. ನಮ್ಮ ಗಾಡಿಯಲ್ಲಿ ಒಮ್ಮೆ ಫಾಲ್ಟ್ ಕೂತರೆ ಇಗ್ನಿಷನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡೋವರೆಗೂ ಅದು ಮಲಗಿಯೇ ಇರುತ್ತೆ. ಅಂದರೆ ಕೊಟ್ಟಿಗೆಹಾರದಲ್ಲಿ ಒಂದು ಟೀ ಕುಡಿಯೋಕೆ ನಿಂತಿದ್ದರೂ ಈ ಬರಹ ಬರೀತಿರಲಿಲ್ಲ.

ಮೇಸ್ತ್ರಿ ಆ ಜೋಡಣೆಯ ಟೇಪ್ ಬಿಚ್ಚಿದಾಗ ಒಳಗೆ ನೀರು, ಮೂರೇ ವಾರಕ್ಕೆ ತಾಮ್ರ ಹಸಿರಾಗಿತ್ತು. ಸೆನ್ಸರ್ ವೈರ್ ಪೂರ್ತಿ ಬದಲಾಯಿಸಬೇಕಾಯ್ತು. ಇನ್ಶೂರೆನ್ಸಿನವರಿಗೆ ತಿಳಿಸದೆ ಬ್ರೇಕಿನ ವೈರಿಗೆ ಕೈ ಹಾಕಿಸಿದವನು ಯಾವ ಮುಖ ಇಟ್ಕೊಂಡು ಕ್ಲೇಮ್ ಕೇಳಲಿ? ಎಲ್ಲಾ ಸೇರಿ 38,000 ಕೈಯಿಂದಲೇ ಹೋಯ್ತು.

ಕಂಪನಿಯವರ ಬಟನ್ ವೈರ್ ಕಡಿಯೋದಿಲ್ಲ. 'ಸದ್ಯಕ್ಕೆ ಟ್ರ್ಯಾಕ್ಷನ್ ಬೇಡ' ಅಂತ ಮಾಡ್ಯೂಲಿಗೆ ಒಂದು ಸೂಚನೆ ಕೊಡುತ್ತೆ, ಅಷ್ಟೇ. ಎಬಿಎಸ್ ತನ್ನ ಪಾಡಿಗೆ ಇರುತ್ತೆ. ನಿಮ್ಮ ಗಾಡಿಯ ಮಾಡ್ಯೂಲಿಗೆ ಆ ಸೂಚನೆ ಅರ್ಥವಾಗುತ್ತಾ ಅಂತ ವೈರಿಂಗ್ ನಕ್ಷೆ, ಸ್ಕ್ಯಾನರ್ ಎರಡೂ ಇರೋ ಕಡೆ ಮೊದಲು ಕೇಳಿ. ಆಗಲ್ಲ ಅಂದರೆ ಬಿಟ್ಟುಬಿಡಿ. ಈಗಾಗಲೇ ಹಾಕಿಸಿದ್ದರೆ ಸ್ವಿಚ್ ಒತ್ತಿ ನೋಡಿ: ಎಬಿಎಸ್ ದೀಪವೂ ಹತ್ತಿದರೆ ನಿಮ್ಮದೂ ನನ್ನ ಸ್ವಿಚ್ಚೇ. ಸೆಕೆಂಡ್ ಹ್ಯಾಂಡ್ ಕೊಳ್ಳೋರು ಕೀ ತಿರುಗಿಸಿದಾಗ ಎಬಿಎಸ್ ದೀಪ ಒಂದೆರಡು ಸೆಕೆಂಡ್ ಹತ್ತಿ ಆರುತ್ತಾ ನೋಡಿ. ಹತ್ತಲೇ ಇಲ್ಲ ಅಂದರೆ ಯಾರೋ ಟೇಪ್ ಹಚ್ಚಿರಬಹುದು.

ಏರಿಗೆ ಈಗ ಎರಡು ಟ್ರ್ಯಾಕ್ಟರ್ ಜಲ್ಲಿ ಸುರಿಸಿದ್ದೀನಿ, ಮುಂದಿನ ಎರಡು ಟೈರೂ ಹೊಸದು. ಪುನರ್ವಸು ಮಳೆಯಲ್ಲೂ ಎರಡನೇ ಗೇರಲ್ಲಿ ನಿಧಾನಕ್ಕೆ ಹತ್ತುತ್ತೆ.