ಅಸಿಸ್ಟೆಂಟ್‌ಗೆ ಬ್ರೌಸರ್ ತೋರಿಸಿ ಎಂಟು ತಿಂಗಳು: ಕ್ರೋಮ್ ಡೆವ್‌ಟೂಲ್ಸ್ ಎಂಸಿಪಿ

ಗಂಗಾವತಿಯಲ್ಲಿ ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುವ ಕೆಲಸ ನನ್ನದು. ನನ್ನ ಗಿರಾಕಿಗಳಲ್ಲಿ ರೈಸ್ ಮಿಲ್‌ನವರೇ ಜಾಸ್ತಿ. 2025ರ ಅಕ್ಟೋಬರ್‌ನಿಂದ ಕ್ರೋಮ್ ಡೆವ್‌ಟೂಲ್ಸ್ ಎಂಸಿಪಿ ಬಳಸುತ್ತಿದ್ದೇನೆ. ಎಐ ಅಸಿಸ್ಟೆಂಟ್‌ಗೆ ಕ್ರೋಮ್ ಬ್ರೌಸರನ್ನು ತೋರಿಸುವ ಟೂಲ್ ಅದು. ನಡುವೆ ಎರಡು ಸಲ ತೆಗೆದುಹಾಕಿದ್ದೆ. ಈಗ ತೆಗೆಯುವ ಯೋಚನೆ ಇಲ್ಲ.

ಕೋಡ್ ಬರೆಯುವ ಎಐ ಅಸಿಸ್ಟೆಂಟ್‌ಗೆ ನಮ್ಮ ಫೈಲ್ ಕಾಣುತ್ತದೆ. ಆ ಫೈಲ್ ಬ್ರೌಸರ್‌ನಲ್ಲಿ ಹೇಗೆ ಓಡುತ್ತಿದೆ ಅನ್ನೋದು ಕಾಣುವುದಿಲ್ಲ. ಮೊದಲೆಲ್ಲ ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್‌ನ ಕೆಂಪು ಸಾಲನ್ನು ನಾನೇ ಕಾಪಿ ಮಾಡಿ ಹಾಕಬೇಕಿತ್ತು. ನಾನು ಕಾಪಿ ಮಾಡದೆ ಬಿಟ್ಟ ಸಾಲಿನಲ್ಲೇ ತಪ್ಪು ಇರುತ್ತಿತ್ತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಎಂಸಿಪಿ ತಂದಿತು. ಅಸಿಸ್ಟೆಂಟ್‌ಗಳಿಗೆ ಹೊರಗಿನ ಟೂಲ್ ಜೋಡಿಸಲು ಎಲ್ಲರಿಗೂ ಒಂದೇ ತರದ ಪದ್ಧತಿ ಅದು. 2025ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ತಂಡ ಅದೇ ಪದ್ಧತಿಯಲ್ಲಿ ಡೆವ್‌ಟೂಲ್ಸ್, ಅಂದರೆ ಕ್ರೋಮ್‌ನೊಳಗೇ ಇರುವ ತಪ್ಪು ಹುಡುಕುವ ಟೂಲ್‌ಗಳನ್ನು, ಕೊಟ್ಟಿತು. ಕಂಪ್ಯೂಟರ್‌ನಲ್ಲಿ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಇದ್ದರೆ ಅಸಿಸ್ಟೆಂಟ್‌ನ ಸೆಟ್ಟಿಂಗ್ಸ್ ಫೈಲ್‌ನಲ್ಲಿ ನಾಲ್ಕೈದು ಸಾಲು ಸೇರಿಸಿದರೆ ಮುಗಿಯಿತು, ಈ ಟೂಲ್‌ಗೆ ದುಡ್ಡೂ ಇಲ್ಲ. ಆಮೇಲೆ ಅಸಿಸ್ಟೆಂಟೇ ಪುಟ ತೆರೆಯುತ್ತದೆ, ಬಟನ್ ಒತ್ತುತ್ತದೆ, ಕನ್ಸೋಲ್ ಓದುತ್ತದೆ, ಪುಟದಿಂದ ಸರ್ವರ್‌ಗೆ ಯಾವ ರಿಕ್ವೆಸ್ಟ್ ಹೋಯಿತು, ಏನು ಉತ್ತರ ಬಂತು ಅಂತ ನೋಡುತ್ತದೆ.

ಫೆಬ್ರುವರಿಯಲ್ಲಿ ಒಂದು ಮಿಲ್‌ನಿಂದ ಫೋನ್ ಬಂತು. "ಅಕ್ಕಾರ, ಕಾರಟಗಿ ಅಂಗಡಿಯವರ ಆರ್ಡರ್ ಹೋಗವಲ್ದು ನೋಡ್ರಿ." ಉಳಿದ ಅಂಗಡಿಗಳ ಆರ್ಡರ್ ಸರಿಯಾಗಿ ಬರುತ್ತಿತ್ತು. ಪರೀಕ್ಷೆ ಮಾಡು ಅಂತ ಅಸಿಸ್ಟೆಂಟ್‌ಗೆ ಹೇಳಿದೆ. ಅದು ತನ್ನದೇ ಬ್ರೌಸರ್ ಕಿಟಕಿ ತೆರೆದು, ಸೋನಾ ಮಸೂರಿ 50 ಚೀಲ ಅಂತ ತುಂಬಿ, ಬಟನ್ ಒತ್ತಿತು. ಆರ್ಡರ್ ಹೋಯಿತು. "ತೊಂದರೆ ಏನೂ ಕಾಣುತ್ತಿಲ್ಲ" ಅಂತ ಉತ್ತರ ಬಂತು.

ತೊಂದರೆ ಅರ್ಧ ಗಂಟೆಯಲ್ಲಿ ಕಂಡಿತು. ಆ ಕಿಟಕಿಯಲ್ಲಿ ನಾನು ಹಿಂದೆ ಲಾಗಿನ್ ಆಗಿದ್ದು ಪರೀಕ್ಷೆಯ ಸೈಟ್‌ಗಲ್ಲ, ಮಿಲ್‌ನ ನಿಜವಾದ ಸೈಟ್‌ಗೆ. ಟೂಲ್ ತನ್ನ ಪ್ರೊಫೈಲನ್ನು (ಹಿಂದಿನ ಲಾಗಿನ್ ಸಮೇತ) ಉಳಿಸಿಕೊಳ್ಳುತ್ತದೆ, ಅದು ನನಗೆ ಹೊಳೆದಿರಲಿಲ್ಲ. ಮಿಲ್‌ನ ಗುಮಾಸ್ತರು ಕೇಳಿದರು, "ಐವತ್ತು ಚೀಲದ ಆರ್ಡರ್ ಬಂದೈತಿ, ಲೋಡ್ ಮಾಡಸ್ಲೇನ್ರಿ?" ಹಮಾಲರು ಆಗಲೇ 26 ಕೆಜಿ ಚೀಲಗಳನ್ನು ಎಣಿಸಿ ಹೊರಗಿಟ್ಟಿದ್ದರು. ಅವರ ಕೂಲಿ ನಾನೇ ಕೊಟ್ಟೆ. ಅವತ್ತೇ ಟೂಲ್ ತೆಗೆದುಹಾಕಿದೆ. ಅದು ಎರಡನೇ ಸಲ.

ಆದರೆ ಕಾರಟಗಿಯ ತೊಂದರೆ ಹಾಗೇ ಇತ್ತಲ್ವಾ? ಎರಡು ದಿನ ಕೋಡ್ ಓದಿದೆ, ಸಿಗಲಿಲ್ಲ. ಕೊನೆಗೆ ಲ್ಯಾಪ್‌ಟಾಪ್ ತಗೊಂಡು ಅಲ್ಲಿಗೇ ಹೋದೆ. ಅಂಗಡಿಯ ಹುಡುಗನಿಗೆ ನನ್ನ ಕ್ರೋಮ್‌ನಲ್ಲೇ ಆರ್ಡರ್ ಹಾಕು ಅಂದೆ. ಅವನು ವಿಳಾಸ ಕನ್ನಡದಲ್ಲಿ ಟೈಪ್ ಮಾಡಿದ, ಚೀಲದ ಲೆಕ್ಕ ಹಾಕಿದ, ಬಟನ್ ಒತ್ತಿದ. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಎಲ್ಲ ಸರಿಯಾಗೇ ಕಂಡಿತು. ಆರ್ಡರ್ ಮಾತ್ರ ಹೋಗಲಿಲ್ಲ. ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಪ್ಯಾನೆಲ್‌ನಲ್ಲಿ 400 ಅಂತ ಕೆಂಪು ಸಾಲು, ಅಂದರೆ ಕಳಿಸಿದ್ದು ಸರಿಯಿಲ್ಲ ಅಂತ ಸರ್ವರ್ ಹೇಳಿದ ಸೂಚನೆ.

ಕ್ರೋಮ್ 144ರಿಂದ ಒಂದು ಹೊಸ ಅನುಕೂಲ ಇದೆ. ನಾವು ತೆರೆದು ಕೂತಿರುವ ಬ್ರೌಸರ್‌ಗೇ ಅಸಿಸ್ಟೆಂಟನ್ನು ಸೇರಿಸಬಹುದು. ಅದಕ್ಕೆ ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟದಲ್ಲಿ ರಿಮೋಟ್ ಡೀಬಗ್ಗಿಂಗ್ ಆನ್ ಮಾಡಬೇಕು. ಸೇರುವಾಗ ಕ್ರೋಮ್ ನಮ್ಮ ಒಪ್ಪಿಗೆ ಕೇಳುತ್ತದೆ. ಪ್ಯಾನೆಲ್‌ನಲ್ಲಿ ನಾವು ಆಯ್ದ ರಿಕ್ವೆಸ್ಟ್ ಯಾವುದು ಅನ್ನೋದೂ ಅದಕ್ಕೆ ಗೊತ್ತಾಗುತ್ತದೆ. ಅಲ್ಲೇ ಅಂಗಡಿಯ ಕಟ್ಟೆ ಮೇಲೆ ಕೂತು ಟೂಲ್ ಮತ್ತೆ ಹಾಕಿಕೊಂಡೆ. ಆ ಕೆಂಪು ಸಾಲನ್ನು ಆಯ್ದು "ಇದನ್ನು ನೋಡು, ಬಟನ್ ಮಾತ್ರ ಒತ್ತಬೇಡ" ಅಂದೆ.

ಒಂದೇ ನಿಮಿಷ. ರಿಕ್ವೆಸ್ಟ್‌ನಲ್ಲಿ ಚೀಲದ ಲೆಕ್ಕ ನಲ್ (ಖಾಲಿ) ಅಂತ ಹೋಗಿದೆ, ಆದರೆ ಪುಟದ ಖಾನೆಯಲ್ಲಿ "೫೦" ಇದೆ ಅಂತ ತೋರಿಸಿತು. ಹುಡುಗ ವಿಳಾಸ ಬರೆದ ಕನ್ನಡ ಕೀಬೋರ್ಡ್‌ನಲ್ಲೇ ಲೆಕ್ಕವನ್ನೂ ಹಾಕಿದ್ದ. ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್‌ಗೆ ಕನ್ನಡ ಅಂಕಿ ಅಂಕಿಯೇ ಅಲ್ಲ, ಅದು ನ್ಯಾನ್, ಅಂದರೆ 'ಸಂಖ್ಯೆ ಅಲ್ಲ' ಅನ್ನೋ ಉತ್ತರ, ಕೊಡುತ್ತದೆ. ಸರ್ವರ್‌ಗೆ ಕಳಿಸಲು ಜೇಸನ್ ಅನ್ನೋ ರೂಪಕ್ಕೆ ತರುವಾಗ ಆ ನ್ಯಾನ್ ನಲ್ ಆಗುತ್ತದೆ. ಸರ್ವರ್ ಅದನ್ನು ವಾಪಸ್ ಕಳಿಸುತ್ತದೆ. ಆ ಖಾನೆಯನ್ನು ನಂಬರ್ ಬದಲು ಟೆಕ್ಸ್ಟ್ ಅಂತ ಇಟ್ಟಿದ್ದು ನಾನೇ, ನಂಬರ್ ಖಾನೆಯಲ್ಲಿ ಮೌಸ್‌ನ ಚಕ್ರ ತಿರುಗಿದರೆ ಲೆಕ್ಕ ಬದಲಾಗುತ್ತದೆ ಅಂತ. ಕನ್ನಡ ಓದುವ ನನ್ನ ಕಣ್ಣಿಗೆ ೫೦ ಅಂದರೂ 50 ಅಂದರೂ ಒಂದೇ, ಅದಕ್ಕೇ ಪಕ್ಕದಲ್ಲಿ ಕೂತರೂ ಕಾಣಲಿಲ್ಲ. ೦ಯಿಂದ ೯ರ ತನಕದ ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗೆ ಬದಲಾಯಿಸುವ ಮೂರು ಸಾಲು ಸೇರಿಸಿದೆ. ಆರ್ಡರ್ ಹೋಯಿತು. ಆ ಹುಡುಗ ಈಗಲೂ ೫೦ ಅಂತಲೇ ಹಾಕುತ್ತಾನೆ. ಹಾಕಲಿ, ಅದು ಅವನ ಭಾಷೆಯ ಅಂಕಿ.

ಬೇರೆ ಉಪಯೋಗಗಳೂ ಇವೆ. ಪುಟ ನಿಧಾನ ಅಂದರೆ ಪರ್ಫಾರ್ಮೆನ್ಸ್ ಟ್ರೇಸ್ (ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋ ದಾಖಲೆ) ತೆಗೆದು ಕಾರಣ ಹೇಳುತ್ತದೆ. ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು ಅನ್ನೋದು ಗೂಗಲ್‌ನ ಅಳತೆ. ನನ್ನ ಒಂದು ಪುಟದಲ್ಲಿ ಭತ್ತದ ಗದ್ದೆಯ ದೊಡ್ಡ ಫೋಟೋ ಅದನ್ನು ಕೆಡಿಸಿತ್ತು. ಚಿಕ್ಕದು ಮಾಡಿದೆ, ಸರಿಹೋಯಿತು.

ನನಗೆ ನಿಜವಾಗಿ ಬೇಸರ ತರಿಸಿದ್ದು ಒತ್ತಕ್ಷರ. ಬಟನ್ ಮೇಲೆ "ಒಟ್ಟು ಮೊತ್ತ" ಅಂತ ಇತ್ತು. ಲೈನ್ ಹೈಟ್ (ಸಾಲಿನ ಎತ್ತರ) ಕಡಿಮೆಯಾಗಿ ಟ, ತ ಒತ್ತುಗಳ ಕೆಳಭಾಗ ಕತ್ತರಿಸಿ ಹೋಗಿತ್ತು. ಅಸಿಸ್ಟೆಂಟ್ ಪುಟವನ್ನು ಹೆಚ್ಚಾಗಿ ಸ್ನ್ಯಾಪ್‌ಶಾಟ್ ಅನ್ನೋ ಅಕ್ಷರರೂಪದಲ್ಲೇ ಓದುತ್ತದೆ. ಅದರಲ್ಲಿ ಪದ ಪೂರ್ತಿ ಇರುತ್ತದೆ, ಹಾಗಾಗಿ ಎಲ್ಲ ಸರಿ ಅಂತು. ಸ್ಕ್ರೀನ್‌ಶಾಟ್ ತೆಗೆಸಿದರೂ ಗುರುತಿಸಲಿಲ್ಲ. ಕನ್ನಡ ಪುಟದ ಅಂದವನ್ನು ಇದರ ಮೇಲೆ ಬಿಡಬೇಡಿ, ಫೋನ್‌ನಲ್ಲಿ ನೀವೇ ನೋಡಿ.

ಟೋಕನ್ (ಅಸಿಸ್ಟೆಂಟ್ ಓದಿ ಬರೆಯುವ ಪಠ್ಯವನ್ನು ಅಳೆಯುವ ತುಣುಕು) ಕೂಡ ಚೆನ್ನಾಗಿ ತಿನ್ನುತ್ತದೆ. ಸುಮ್ನೆ "ನೆಟ್‌ವರ್ಕ್ ನೋಡು" ಅಂದರೆ ಚಿತ್ರ, ಫಾಂಟ್ ಎಲ್ಲದರ ಪಟ್ಟಿ ಎಳೆದು ತರುತ್ತದೆ. "ಫೇಲ್ ಆದದ್ದು ಮಾತ್ರ" ಅನ್ನಿ.

ಇನ್ನು, ನಿಮ್ಮ ಬ್ರೌಸರ್‌ಗೆ ಸೇರಿಸಿದರೆ ತೆರೆದಿರುವ ಬ್ಯಾಂಕ್ ಪುಟ, ಮೇಲ್ ಎಲ್ಲ ಅದರ ಕೈಗೆ ಸಿಗುತ್ತದೆ. ನಾನು ಕೆಲಸಕ್ಕೆ ಅಂತಲೇ ಬೇರೆ ಕ್ರೋಮ್ ಪ್ರೊಫೈಲ್ ಇಟ್ಟಿದ್ದೇನೆ. ಆ ಪ್ರೊಫೈಲ್‌ನಿಂದ ನಿಜವಾದ ಮಿಲ್‌ಗೆ ಆರ್ಡರ್ ಹೋಗುವುದಿಲ್ಲ, ಪರೀಕ್ಷೆಯ ಸರ್ವರ್‌ಗೆ ಮಾತ್ರ ಹೋಗುತ್ತದೆ. ಹೊಸ ಫಾರ್ಮ್ ಮುಗಿದ ಕೂಡಲೇ ಅಸಿಸ್ಟೆಂಟ್‌ಗೆ ನಾನು ಕೊಡುವ ಮೊದಲ ಕೆಲಸ, ಲೆಕ್ಕದ ಖಾನೆಯಲ್ಲಿ ೫೦ ತುಂಬಿ ನೋಡು ಅನ್ನೋದು.